ಅತ್ತೆಯನ್ನು ಕರೆದುಕೊಂಡು ವೈನ್ ಊರಿಗೆ ಹೋಗಬಹುದೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಅಕ್ಟೋಬರ್ ಮೊದಲ ವಾರಕ್ಕೆ ನಮ್ಮ ಮದುವೆಯಾಗಿ ಹತ್ತು ವರ್ಷ. ಸೊನೋಮಾ ಕೌಂಟಿಯ ಹೀಲ್ಡ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಶನಿವಾರ, ಭಾನುವಾರ ಆರಾಮಾಗಿ ಇದ್ದು ಬರೋಣ ಎಂಬುದು ನನ್ನ ಗಂಡನ ಆಸೆ. ಆದರೆ ಅವರು ಮಾಡಿಟ್ಟಿರುವ ಪಟ್ಟಿ ನೋಡಿದರೆ ನನಗೆ ಈಗಲೇ ಸುಸ್ತು. ಏಳು ವೈನರಿ, ನಾಪಾ, ಬೊಡೆಗಾ ಬೇ, ರೆಡ್‌ವುಡ್ ಕಾಡು, ಎಲ್ಲ ಎರಡೇ ದಿನದಲ್ಲಿ. ಹಿಂದಿನ ಪ್ರವಾಸದಿಂದ ವಾಪಸು ಬರುವಾಗ ಕಾರಿನಲ್ಲೇ ಜಗಳವಾಡಿದ್ದೆವು. ಅವರು ಅಪರೂಪಕ್ಕೆ ಸ್ವಲ್ಪ ಕುಡಿಯುತ್ತಾರೆ, ನಾನು ಮುಟ್ಟುವುದಿಲ್ಲ. ನಾವು ಸಸ್ಯಾಹಾರಿಗಳು. ಏಳು ವರ್ಷದ ಮಗನಿದ್ದಾನೆ. ಚಿಕ್ಕಬಳ್ಳಾಪುರದ ಕಡೆಯಿಂದ ಬಂದಿರುವ ಅತ್ತೆ ಆ ತಿಂಗಳ ಕೊನೆಗೆ ಊರಿಗೆ ಹೊರಡುತ್ತಾರೆ. ಅವರ ಮನೆಯಲ್ಲಿ ಮೊದಲು ದ್ರಾಕ್ಷಿ ಬೆಳೆಯುತ್ತಿದ್ದರಂತೆ. “ಅಮ್ಮಂಗೆ ದ್ರಾಕ್ಷಿ ತೋಟ ನೋಡೋಕೆ ಹೋಗ್ತಿದೀವಿ ಅಂತಷ್ಟೇ ಹೇಳು. ಇಲ್ಲಾಂದ್ರೆ ಮಗೂನ ಅಮ್ಮನ ಹತ್ರ ಬಿಟ್ಟು ನಾವಿಬ್ಬರೇ ಹೋಗೋಣ” ಎನ್ನುತ್ತಾರೆ ಇವರು. ಎರಡೂ ನನಗೆ ಸರಿ ಕಾಣುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಎರಡೂ ಸರಿಯಲ್ಲ. ನಿಮ್ಮ ಮನಸ್ಸು ನಿಮಗೆ ಸರಿಯಾಗಿಯೇ ಹೇಳಿದೆ. ಅತ್ತೆಯವರ ವಿಷಯವನ್ನು ಮೊದಲು ತೆಗೆದುಕೊಳ್ಳೋಣ. ಅದು ಇತ್ಯರ್ಥವಾಗದೆ ಎಷ್ಟು ಒಳ್ಳೆಯ ರೂಮು ಬುಕ್ ಮಾಡಿದರೂ ನಿಮಗೆ ಅಲ್ಲಿ ನಿದ್ದೆ ಬರುವುದಿಲ್ಲ.

ಹೀಲ್ಡ್ಸ್‌ಬರ್ಗ್ ಸುಮಾರು ಹನ್ನೊಂದು ಸಾವಿರ ಜನರ ಊರು. ಊರ ನಡುವೆ ಮರಗಳ ನೆರಳಿರುವ ಚೌಕ, ಅದನ್ನು ಪ್ಲಾಜಾ ಎನ್ನುತ್ತಾರೆ. ಸುತ್ತ ಅಂಗಡಿ, ಬೇಕರಿ, ಹೋಟೆಲು, ಅವುಗಳ ನಡುನಡುವೆ ವೈನ್ ರುಚಿ ನೋಡುವ ಟೇಸ್ಟಿಂಗ್ ರೂಮುಗಳು. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಯಾರದಾದರೂ ಕೈಯಲ್ಲಿ ಗ್ಲಾಸು ಕಂಡೇ ಕಾಣುತ್ತದೆ. ಬರೀ ದ್ರಾಕ್ಷಿ ತೋಟ ಎಂದು ನೀವು ಹೇಳಿದ್ದರೆ ನಿಮ್ಮ ಮಾತು ಅಲ್ಲೇ ಬಯಲಾಗುತ್ತದೆ. ಸುಳ್ಳು ಮಗನದು, ಕೆಟ್ಟ ಹೆಸರು ಸೊಸೆಗೆ. ಆದ್ದರಿಂದ ಅತ್ತೆಗೆ ಹೇಳಬೇಕಾದವರು ನೀವಲ್ಲ, ನಿಮ್ಮ ಗಂಡ. ಹೊರಡುವ ಹಿಂದಿನ ದಿನ ಹೇಳಿದರೂ ಆಗದು, ಬುಕ್ ಮಾಡುವ ಮೊದಲೇ ಹೇಳಲಿ. “ಅಮ್ಮಾ, ಆ ಊರಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡ್ತಾರೆ. ನಾನು ಒಂದು ಕಡೆ ರುಚಿ ನೋಡ್ತೀನಿ, ಇವಳು ಕುಡಿಯಲ್ಲ. ನೀನೂ ಬಂದರೆ ತೋಟ ನೋಡಬಹುದು. ಬರ್ತೀಯಾ?” ಇಷ್ಟು ಸಾಕು. ಮಗ ತಾನಾಗಿ ಬಾಯಿಬಿಟ್ಟು ಹೇಳಿದ್ದನ್ನು ಒಪ್ಪುವುದು ತಾಯಿಗೆ ಕಷ್ಟವಾಗಬಹುದು. ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದರೆ ಆಗುವ ನೋವು ಅದಕ್ಕಿಂತ ದೊಡ್ಡದು.

ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಹೋಗುವುದನ್ನಂತೂ ಕೈಬಿಡಿ. ಕಾರು ಓಡಿಸಲು ಬಾರದ, ಅಕ್ಕಪಕ್ಕದವರ ಪರಿಚಯವಿಲ್ಲದ ಹಿರಿಯರ ಮೇಲೆ ಪರದೇಶದ ಮನೆಯಲ್ಲಿ ಒಂದು ರಾತ್ರಿಯ ಹೊಣೆ ಹೊರಿಸುವುದು ನ್ಯಾಯವಲ್ಲ. ಮಗುವಿಗೆ ನಡುರಾತ್ರಿ ಜ್ವರ ಬಂದರೆ ಅವರು ಯಾರನ್ನು ಕರೆಯಬೇಕು?

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಇನ್ನೊಂದು ವಾಕ್ಯದ ಮೇಲೆ. ಅತ್ತೆ ದ್ರಾಕ್ಷಿ ಬೆಳೆದ ಮನೆಯವರು. ಅದನ್ನು ನೀವು ಹಾಗೇ ದಾಟಿ ಮುಂದೆ ಹೋಗಿದ್ದೀರಿ. ನಿಮ್ಮ ನಾಲ್ವರಲ್ಲಿ ಆ ತೋಟಗಳನ್ನು ಓದಲು ಬಲ್ಲವರು ಅವರೊಬ್ಬರೇ. ಚಿಕ್ಕಬಳ್ಳಾಪುರದ ಕಡೆ ಕಲ್ಲುಕಂಬ ನೆಟ್ಟು, ತಂತಿ ಎಳೆದು, ತಲೆಯ ಮೇಲೆ ಚಪ್ಪರ ಹಬ್ಬಿಸುತ್ತಾರೆ. ಗೊನೆಗಳು ಕೆಳಗೆ ಇಳಿಬಿದ್ದಿರುತ್ತವೆ. ಸೊನೋಮಾದಲ್ಲಿ ಬಳ್ಳಿಯನ್ನು ಬೇಲಿಯ ಹಾಗೆ ಸಾಲಾಗಿ ತಂತಿಗೆ ಕಟ್ಟಿರುತ್ತಾರೆ, ಗೊನೆ ಸೊಂಟದ ಎತ್ತರಕ್ಕಿರುತ್ತದೆ. ಹೀಲ್ಡ್ಸ್‌ಬರ್ಗ್ ಪಕ್ಕದ ಡ್ರೈ ಕ್ರೀಕ್ ಕಣಿವೆಯಲ್ಲಿ ಜಿನ್‌ಫಂಡೆಲ್ ತಳಿಯ ಹಳೆಯ ತೋಟಗಳಿವೆ. ಅಲ್ಲಿ ತಂತಿಯ ಆಸರೆಯೂ ಇಲ್ಲ, ದಪ್ಪ ಬುಡದ ಬಳ್ಳಿಗಳು ಗಿಡದಂತೆ ಒಂಟಿಯಾಗಿ ನಿಂತಿರುತ್ತವೆ. ನಮ್ಮ ಕಡೆ ಚಳಿ ಸಾಲದೆ ಬಳ್ಳಿ ಪೂರ್ತಿ ಮಲಗುವುದೇ ಇಲ್ಲ, ವರ್ಷಕ್ಕೆ ಎರಡು ಸಲ ಸವರಬೇಕು. ಅಲ್ಲಿ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬಳ್ಳಿ ಮಲಗುತ್ತದೆ, ಆಗ ಒಮ್ಮೆ ಸವರಿದರೆ ಮುಗಿಯಿತು. ಮಾರ್ಚ್ ಹೊತ್ತಿಗೆ ಮತ್ತೆ ಚಿಗುರು. ವೈನ್ ದ್ರಾಕ್ಷಿಯ ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ, ಸಿಹಿ ಮಾತ್ರ ತಿನ್ನುವ ದ್ರಾಕ್ಷಿಗಿಂತ ಎಷ್ಟೋ ಹೆಚ್ಚು. ಅಕ್ಟೋಬರ್ ಮೊದಲ ವಾರಕ್ಕೆ ಪಿನೋ ನ್ವಾರ್ ತಳಿಯ ಕೊಯ್ಲು ಮುಗಿದಿರುತ್ತದೆ, ಕ್ಯಾಬರ್ನೆ ತಳಿ ಇನ್ನೂ ಅಲ್ಲಲ್ಲಿ ಬಳ್ಳಿಯ ಮೇಲಿರುತ್ತದೆ. ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಬಹುದೇ ಎಂದು ತೋಟದವರನ್ನು ಕೇಳಿ ಅತ್ತೆಗೆ ಕೊಡಿಸಿ.

ಇನ್ನೊಂದು ಸಂಗತಿಯನ್ನೂ ಅವರಿಗೆ ಹೇಳಿ. ಆ ಊರಿನ ಸುತ್ತ ಒಂದು ಕಾಲಕ್ಕೆ ಎಲ್ಲೆಲ್ಲೂ ಪ್ರೂನ್ ತೋಟಗಳಿದ್ದವು, ಅಂದರೆ ಒಣಗಿಸಿ ಮಾರುವ ಪ್ಲಮ್ ಹಣ್ಣು. ಅದರಲ್ಲಿ ಗಿಟ್ಟದೆ ಹೋದಾಗ ರೈತರು ಮರ ಕಿತ್ತು ದ್ರಾಕ್ಷಿ ಹಾಕಿದರು. ಒಂದು ಬೆಳೆ ತೆಗೆದು ಇನ್ನೊಂದು ಹಾಕುವಾಗ ಮನೆಯಲ್ಲಿ ಏನೇನು ಮಾತುಕತೆ ಆಗುತ್ತದೆ ಎಂಬುದನ್ನು ನಿಮ್ಮ ಅತ್ತೆಗೆ ಹೇಳಿಕೊಡಬೇಕಿಲ್ಲ. 1876ರಲ್ಲಿ ಶುರುವಾದ ಸಿಮಿ ಎಂಬ ವೈನರಿ ಅಲ್ಲಿದೆ. ಅದನ್ನು ಕಟ್ಟಿದ ಇಟಲಿಯ ಅಣ್ಣತಮ್ಮಂದಿರಿಬ್ಬರೂ 1904ರಲ್ಲಿ ತೀರಿಕೊಂಡಾಗ ಅವರಲ್ಲೊಬ್ಬರ ಹದಿನೆಂಟು ವರ್ಷದ ಮಗಳು ಇಸಬೆಲ್ ಅದನ್ನು ವಹಿಸಿಕೊಂಡಳು. 1920ರಿಂದ 1933ರವರೆಗೆ ದೇಶದಲ್ಲೆಲ್ಲ ಪಾನನಿಷೇಧ ಇದ್ದಾಗ ತೋಟಗಳನ್ನು ಮಾರಿಯಾದರೂ ವೈನರಿಯನ್ನು ಉಳಿಸಿಕೊಂಡಳು. ಈ ಕತೆ ಕೇಳಿದ ಮೇಲೆ ನಿಮ್ಮ ಅತ್ತೆ ಕೇಳುವ ಪ್ರಶ್ನೆಗಳನ್ನು ನೀವು ಇಂಗ್ಲಿಷಿನಲ್ಲಿ ಅಲ್ಲಿಯವರಿಗೆ ದಾಟಿಸಿ. ನೀರು ಎಲ್ಲಿಂದ, ಕೂಲಿ ಎಷ್ಟು, ಬೂದಿರೋಗಕ್ಕೆ ಏನು ಹೊಡೆಯುತ್ತೀರಿ, ಎಲ್ಲವನ್ನೂ.

ಇನ್ನು ಆ ಪಟ್ಟಿ. ನಿಮ್ಮ ಯಜಮಾನರ ಉತ್ಸಾಹದಲ್ಲಿ ತಪ್ಪಿಲ್ಲ, ಭೂಗೋಳದಲ್ಲಿ ತಪ್ಪಿದೆ. ನಾಪಾ ಬೆಟ್ಟಸಾಲಿನ ಆಚೆಯ ಬೇರೆಯದೇ ಕಣಿವೆ. ಬೊಡೆಗಾ ಬೇ ಸಮುದ್ರದ ದಡದಲ್ಲಿದೆ, ಹೋಗಲು ಒಂದು ಗಂಟೆ, ಬರಲು ಇನ್ನೊಂದು. ಎರಡನ್ನೂ ಹೊಡೆದುಹಾಕಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಏಳು ವೈನರಿಗಳನ್ನು ಎರಡಕ್ಕೆ ಇಳಿಸಿ. ಅವರು ಒಪ್ಪದಿದ್ದರೆ ಈ ಕಾರಣ ಹೇಳಿ: ಹೀಲ್ಡ್ಸ್‌ಬರ್ಗ್ ಮೂರು ಕಣಿವೆಗಳು ಕೂಡುವ ಜಾಗದಲ್ಲಿದೆ. ರಷ್ಯನ್ ರಿವರ್ ಕಣಿವೆಗೆ ಪೆಸಿಫಿಕ್ ಕಡೆಯಿಂದ ಮಂಜು ನುಗ್ಗುವುದರಿಂದ ಅಲ್ಲಿ ತಂಪು, ಪಿನೋ ನ್ವಾರ್ ಬೆಳೆಯುತ್ತದೆ. ಅಲೆಗ್ಸಾಂಡರ್ ಕಣಿವೆ ಬೆಚ್ಚಗಿದ್ದು ಕ್ಯಾಬರ್ನೆಗೆ ಹೆಸರಾಗಿದೆ. ಡ್ರೈ ಕ್ರೀಕ್ ಜಿನ್‌ಫಂಡೆಲ್‌ನ ಸೀಮೆ. ಈ ಮೂರೂ ಕಡೆಯ ವೈನ್ ಪ್ಲಾಜಾದ ಸುತ್ತಲೇ ನಡೆದು ಹೋಗುವಷ್ಟು ದೂರದಲ್ಲಿ ಸಿಗುತ್ತದೆ. ಅದಕ್ಕೆಂದೇ ಈ ಊರು ಆರಿಸಿಕೊಂಡು, ಆಮೇಲೆ ಕಾರಿನಲ್ಲಿ ಸುತ್ತುತ್ತಲೇ ಇರುವುದರಲ್ಲಿ ಅರ್ಥವಿಲ್ಲ.

ಶುಕ್ರವಾರ ಸಂಜೆ ಹೊರಡಬೇಡಿ. ಕೆಲಸ ಮುಗಿಸಿದ ಜನರೆಲ್ಲ ಆ ಹೊತ್ತಿಗೆ 101 ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟಿರುತ್ತಾರೆ. ಎರಡು ಗಂಟೆಯ ದಾರಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಹೇಳಲಾಗದು. ಶನಿವಾರ ಬೆಳಿಗ್ಗೆ ತಿಂಡಿ ಕಟ್ಟಿಕೊಂಡು ಏಳಕ್ಕೆಲ್ಲ ಬಿಟ್ಟರೆ ರೈತರ ಸಂತೆಯ ಹೊತ್ತಿಗೆ ಅಲ್ಲಿರುತ್ತೀರಿ. ಸಂತೆ ಪ್ಲಾಜಾದ ಹತ್ತಿರವೇ ಸೇರುತ್ತದೆ, ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅಲ್ಲಿ ಹಣ್ಣು, ಬ್ರೆಡ್ಡು, ಚೀಸು ಕೊಂಡು ಪ್ಲಾಜಾದ ನೆರಳಲ್ಲಿ ಕೂತು ಊಟ ಮಾಡಿ. ಅತ್ತೆಗೆ ಮನೆಯಿಂದ ತಂದ ಮೊಸರನ್ನ ಇರಲಿ. ಊರಿನ ದೊಡ್ಡ ರೆಸ್ಟೋರೆಂಟುಗಳಲ್ಲಿ ಸಸ್ಯಾಹಾರ ಸಿಗುತ್ತದೆ. ಆದರೆ ಮೊದಲೇ ಫೋನ್ ಮಾಡಿ ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡವೆಂದು ಬಿಡಿಸಿ ಹೇಳಿ.

ಮಧ್ಯಾಹ್ನದ ಎರಡು ಗಂಟೆ ಹೊತ್ತು ನಿಮ್ಮ ಗಂಡನದು. ಅವರು ನಡೆದು ಹೋಗಿ ಒಂದು ಕಡೆ ರುಚಿ ನೋಡಿ ಬರಲಿ. ಹೆಚ್ಚಿನ ಟೇಸ್ಟಿಂಗ್ ರೂಮುಗಳು ಸಂಜೆ ನಾಲ್ಕು, ಐದಕ್ಕೆಲ್ಲ ಮುಚ್ಚುತ್ತವೆ, ಮುಂಗಡ ಬುಕಿಂಗ್ ಇರಬೇಕು. ಸಂಜೆಯ ಎರಡು ಗಂಟೆ ನಿಮ್ಮದು. ಆಗ ತಾಯಿಯನ್ನೂ ಮಗನನ್ನೂ ಅವರು ನೋಡಿಕೊಳ್ಳಲಿ. ನೀವು ಪುಸ್ತಕದಂಗಡಿಗೆ ಹೋಗಿ, ನದಿಯ ಕಡೆ ನಡೆಯಿರಿ ಅಥವಾ ರೂಮಿನಲ್ಲಿ ಮಲಗಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಕುಡಿಯದ ಹೆಂಗಸು ಇಂಥ ಪ್ರವಾಸಗಳಲ್ಲಿ ಕೇಳದೆಯೇ ಡ್ರೈವರ್ ಆಗುತ್ತಾಳೆ, ಮಗುವಿನ ಆಯಾ ಆಗುತ್ತಾಳೆ, ಅತ್ತೆಯ ಜೊತೆಗಾತಿಯೂ ಆಗುತ್ತಾಳೆ. ಭಾನುವಾರ ರಾತ್ರಿ ಕಾರಿನಲ್ಲಿ ಸಿಡಿಯುವ ಸಿಟ್ಟಿಗೆ ಬಹುಪಾಲು ಕಾರಣ ಅದೇ. ಹತ್ತು ವರ್ಷದ ಸಂಭ್ರಮ ನಿಮ್ಮಿಬ್ಬರದೂ ಹೌದು. ನಿಮ್ಮ ಎರಡು ಗಂಟೆಯನ್ನು ಆ ಪಟ್ಟಿಯಲ್ಲೇ ಬರೆಸಿ.

ಭಾನುವಾರ ಬೆಳಿಗ್ಗೆ ಅತ್ತೆಗಾಗಿ ಒಂದೇ ಒಂದು ತೋಟ. ಬಳ್ಳಿಗಳ ನಡುವೆ ಕರೆದುಕೊಂಡು ಹೋಗಿ ತೋರಿಸುವ ಕಡೆ ಬುಕ್ ಮಾಡಿ. ಮಕ್ಕಳನ್ನು ಬಿಡುತ್ತಾರೋ, ಹೊರಗಿನ ಊಟ ತರಬಹುದೋ ಎಂಬುದನ್ನು ಆಗಲೇ ಕೇಳಿಕೊಳ್ಳಿ, ಇಪ್ಪತ್ತೊಂದರ ಕೆಳಗಿನವರನ್ನು ಸೇರಿಸದ ಜಾಗಗಳೂ ಇವೆ. ಆಮೇಲೆ ಮಗನ ಸರದಿ. ವಾಪಸಾಗುವ ಮೊದಲು ಗರ್ನ್‌ವಿಲ್ ಹತ್ತಿರದ ಆರ್ಮ್‌ಸ್ಟ್ರಾಂಗ್ ರೆಡ್‌ವುಡ್ ಕಾಡಿಗೆ ಹೋಗಿ. ಅಲ್ಲಿನ ಒಂದು ಮರಕ್ಕೆ 1,400 ವರ್ಷಕ್ಕೂ ಮಿಕ್ಕಿ ವಯಸ್ಸು, ಇನ್ನೊಂದು 310 ಅಡಿಗಿಂತ ಎತ್ತರ. ಕಾಡಿನೊಳಗಿನ ಮುಖ್ಯ ದಾರಿ ಸಮತಟ್ಟಾಗಿದೆ, ಮಂಡಿನೋವಿರುವವರೂ ನಿಧಾನವಾಗಿ ನಡೆಯಬಹುದು. ಅತ್ತೆ ತೋಟದಲ್ಲೇ ಹೊತ್ತು ಕಳೆದುಬಿಟ್ಟರೆ ಕಾಡು ಇನ್ನೊಂದು ದಿನಕ್ಕಿರಲಿ, ಮಗನಿಗೆ ಪ್ಲಾಜಾದಲ್ಲಿ ಐಸ್‌ಕ್ರೀಮ್ ಕೊಡಿಸಿ.

ಈಗ ಕುಡಿಯುವುದರ ಲೆಕ್ಕ. ರುಚಿ ನೋಡುವುದೆಂದರೆ ಗುಟುಕು ತಾನೇ ಎಂದು ಅನೇಕರು ತಿಳಿದಿರುತ್ತಾರೆ. ಒಂದೊಂದು 45 ಮಿಲಿಯಂತೆ ಐದು ಬಗೆ ಸುರಿದರೆ 225 ಮಿಲಿ ಆಯಿತು. ಜಿನ್‌ಫಂಡೆಲ್‌ನಲ್ಲಿ ಆಲ್ಕೊಹಾಲ್ ಎಷ್ಟೋ ಸಲ ಶೇ. 15ರ ಹತ್ತಿರವಿರುತ್ತದೆ. ಅಷ್ಟನ್ನೂ ಕುಡಿದರೆ ಒಂದು ದೊಡ್ಡ ಪೆಗ್ ವಿಸ್ಕಿಗಿಂತ ಹೆಚ್ಚೇ ಒಳಗೆ ಹೋಗಿರುತ್ತದೆ, ಅದೂ ಒಂದೇ ವೈನರಿಯಲ್ಲಿ. ಏಳರ ಮಾತು ಬಿಡಿ. ಬಾಯಲ್ಲಿ ಆಡಿಸಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ನಮಗೆ ಮುಜುಗರ ಅನ್ನಿಸಬಹುದು, ಅಲ್ಲಿ ಅದು ತಿಳಿದವರ ರೂಢಿ.

ಕ್ಯಾಲಿಫೋರ್ನಿಯಾದಲ್ಲಿ ಚಾಲಕನ ರಕ್ತದ ಆಲ್ಕೊಹಾಲ್ ಶೇ. 0.08 ಮುಟ್ಟಿದರೆ ಅಪರಾಧ, ಅದಕ್ಕಿಂತ ಕಡಿಮೆಯಿದ್ದರೂ ಓಡಿಸುವ ರೀತಿ ಕೆಟ್ಟಿದ್ದರೆ ಹಿಡಿಯಬಹುದು. ತೆರೆದ ಬಾಟಲು ಮುಚ್ಚಳ ಹಾಕಿದ್ದರೂ ಸೀಟಿನ ಬಳಿ ಇರಬಾರದು, ಡಿಕ್ಕಿಯಲ್ಲಿಡಿ. ನೀವು ಎಚ್-1ಬಿಯಂಥ ವೀಸಾದ ಮೇಲಿದ್ದರೆ ಇನ್ನೂ ಒಂದು ಎಚ್ಚರಿಕೆ. ಕುಡಿದು ಓಡಿಸಿದ್ದಕ್ಕೆ ಬಂಧನವಾದರೆ ಸಾಕು, ನ್ಯಾಯಾಲಯ ಶಿಕ್ಷೆ ಕೊಡುವ ಮೊದಲೇ ವೀಸಾ ರದ್ದು ಮಾಡಲು 2015ರಿಂದ ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿಗಳಿಗೆ ಅವಕಾಶವಿದೆ. ಮುಂದೆ ಊರಿಗೆ ಹೋದವರು ಹೊಸ ವೀಸಾ ಸಿಗುವ ತನಕ ಅಲ್ಲೇ ಉಳಿಯಬೇಕಾಗುತ್ತದೆ. ಅದಕ್ಕೇ ನಾನು ಶನಿವಾರದ ಟೇಸ್ಟಿಂಗನ್ನು ನಡಿಗೆಯ ದೂರದಲ್ಲಿಟ್ಟೆ. ಭಾನುವಾರ ಯಾರು ಕಾರು ಓಡಿಸುತ್ತಾರೋ ಅವರು ಗ್ಲಾಸು ಮುಟ್ಟುವುದು ಬೇಡ. ಆ ದಿನ ಅದು ನಿಮ್ಮ ಗಂಡನೇ ಆಗಿರಲಿ ಎಂದು ನನ್ನ ಸಲಹೆ.

ರೂಮು ಪ್ಲಾಜಾದ ಹತ್ತಿರ ದುಬಾರಿ, ಕೊಯ್ಲಿನ ಕಾಲದಲ್ಲಿ ಇನ್ನೂ ದುಬಾರಿ. ವಿಂಡ್ಸರ್, ಸಾಂಟಾ ರೋಸಾ ಕಡೆ ಕಡಿಮೆಗೆ ಸಿಗುತ್ತದೆ, ಆದರೆ ಅಲ್ಲಿ ಉಳಿದರೆ ಪ್ರತಿ ಸಲ ಕಾರು ಬೇಕು. ಹತ್ತಿರದಲ್ಲಿ ಒಂದು ರಾತ್ರಿ ಕಳೆಯುವುದು ದೂರದಲ್ಲಿ ಎರಡು ರಾತ್ರಿ ಕಳೆಯುವುದಕ್ಕಿಂತ ಮೇಲು. ಹಣ ಹಿಂತಿರುಗಿಸುವ ಬುಕಿಂಗನ್ನೇ ಮಾಡಿ. ಸೆಪ್ಟೆಂಬರ್, ಅಕ್ಟೋಬರ್ ಅಲ್ಲಿ ಕಾಳ್ಗಿಚ್ಚಿನ ತಿಂಗಳುಗಳೂ ಹೌದು. 2019ರ ಅಕ್ಟೋಬರಿನಲ್ಲಿ ಕಿನ್‌ಕೇಡ್ ಬೆಂಕಿ ಬಂದಾಗ ಊರಿಗೆ ಊರನ್ನೇ ಖಾಲಿ ಮಾಡಿಸಿದ್ದರು. ಹೊರಡುವ ಮುನ್ನ ಕೌಂಟಿಯ ಎಚ್ಚರಿಕೆಗಳನ್ನೊಮ್ಮೆ ನೋಡಿ, ಹೊಗೆಯಿದ್ದರೆ ಹೋಗಬೇಡಿ.

ಎಲ್ಲ ಕೇಳಿದ ಮೇಲೆ ಅತ್ತೆ “ನಾನು ಬರಲ್ಲ, ನೀವು ಹೋಗಿ ಬನ್ನಿ” ಎನ್ನಬಹುದು. ಆಗ ಒತ್ತಾಯ ಬೇಡ, ಮುನಿಸಿಕೊಂಡರೇನೋ ಎಂದು ಕೊರಗುವುದೂ ಬೇಡ. ಅವರಿಗೆ ಒಗ್ಗುವ ಪರಿಚಯದ ಮನೆಯೊಂದರಲ್ಲಿ ಒಂದು ರಾತ್ರಿ ಇರಲು ಏರ್ಪಾಡು ಮಾಡಿ, ಮಗನನ್ನು ನಿಮ್ಮ ಜೊತೆ ಕರೆದುಕೊಂಡು ಹೋಗಿ. ಆ ಏರ್ಪಾಡು ಆಗದಿದ್ದರೆ ಅವರು ಊರಿಗೆ ಹೊರಟ ಮೇಲೆ, ನವೆಂಬರಿನಲ್ಲಿ ಹೋಗಿ. ಕೊಯ್ಲಿನ ಗದ್ದಲ ಇಳಿದಿರುತ್ತದೆ, ರೂಮಿನ ಬೆಲೆಯೂ ಇಳಿದಿರುತ್ತದೆ.