ದೂರದ ಓಟದ ಅಭ್ಯಾಸ ಮತ್ತು ಮನೆಯ ಮುಂಜಾವು

ಕರಾವಳಿಯ ಜನರಿಗೆ ಓಟವೆಂಬುದು ಹೊಸ ವಿಷಯವಲ್ಲ. ವಂಡಾರು, ತಗ್ಗರ್ಸೆ ಮೊದಲಾದ ಕಡೆಗಳ ಕಂಬಳಗದ್ದೆಯಲ್ಲಿ ಕೋಣಗಳ ಹಿಂದೆ ಕೆಸರೆಬ್ಬಿಸುತ್ತ ಓಡುವವರನ್ನು ನೀವು ಬಾಲ್ಯದಿಂದಲೂ ನೋಡಿದ್ದೀರಿ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದ ಸುದ್ದಿ ದೇಶದಲ್ಲೆಲ್ಲ ಹರಡಿತು. ಅದಕ್ಕೂ ಹತ್ತು ವರ್ಷ ಮೊದಲು, 2010ರ ಏಷ್ಯನ್ ಕ್ರೀಡಾಕೂಟದಲ್ಲಿ, ಸಿದ್ದಾಪುರದ ಬಳಿಯ ಜನ್ಸಾಲೆಯ ಅಶ್ವಿನಿ ಅಕ್ಕುಂಜಿಯವರು 400 ಮೀಟರ್ ಹರ್ಡಲ್ಸ್ ಓಟದಲ್ಲಿಯೂ ರಿಲೇ ಓಟದಲ್ಲಿಯೂ ಚಿನ್ನದ ಪದಕ ಪಡೆದರು.

ಈ ಪಾಠದಲ್ಲಿ ಹೇಳಹೊರಟಿರುವ ಓಟವು ಇವೆರಡಕ್ಕಿಂತಲೂ ಭಿನ್ನವಾದುದು. ಅದು ಸೆಕೆಂಡುಗಳ ಓಟವಲ್ಲ, ಗಂಟೆಗಳ ಓಟ. ಬೇಸಾಯ, ಅಂಗಡಿ, ಕಚೇರಿ, ಶಾಲೆ ಎಂದು ದುಡಿಯುತ್ತಿರುವ ಸಾಮಾನ್ಯ ಗೃಹಸ್ಥರು ಬಹುಮಾನದ ಆಸೆಯಿಲ್ಲದೆ 10, 21 ಅಥವಾ 42 ಕಿಲೋಮೀಟರ್ ಓಡಲು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಈಗ ನಮ್ಮಲ್ಲಿಯೂ ಕಂಡುಬರುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಫೆಬ್ರವರಿ ತಿಂಗಳಿನಲ್ಲಿ ಮಣಿಪಾಲದಲ್ಲಿ ನಡೆಯುತ್ತಿರುವ ಮ್ಯಾರಥಾನ್ ಓಟವು ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲ್ಲೂಕುಗಳವರಿಗೆ ಮನೆಯ ಹತ್ತಿರವೇ ಒಂದು ಗುರಿಯನ್ನು ಒದಗಿಸಿದೆ. ಪೂರ್ಣ ಮ್ಯಾರಥಾನಿನ ದೂರ 42.195 ಕಿಲೋಮೀಟರ್. ಕುಂದಾಪುರದ ಶಾಸ್ತ್ರಿ ವೃತ್ತದಿಂದ ಹೊರಟು ತ್ರಾಸಿ, ಮರವಂತೆ, ಉಪ್ಪುಂದಗಳನ್ನು ಹಾದು, ಬೈಂದೂರನ್ನೂ ದಾಟಿ ಹೆಚ್ಚುಕಡಿಮೆ ಶಿರೂರಿನವರೆಗೆ ಓಡಿದರೆ ಎಷ್ಟಾಗುವುದೋ ಅಷ್ಟು. ಅರ್ಧ ಮ್ಯಾರಥಾನ್ ಎಂದರೆ ಬ್ರಹ್ಮಾವರದಿಂದ ಹೊರಟವರು ಕೋಟೇಶ್ವರದ ಆಸುಪಾಸಿಗೆ ಬಂದು ನಿಲ್ಲುವಷ್ಟು.

ಓಟಕ್ಕೂ ಕುಟುಂಬ ಕಲ್ಯಾಣಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಂಬಳದ ಓಟ ಗದ್ದೆಯಲ್ಲಿಯೇ ಮುಗಿಯುತ್ತದೆ. ದೂರದ ಓಟವಾದರೋ ಮನೆಯೊಳಗೆ ಬರುತ್ತದೆ. ಅರ್ಧ ಮ್ಯಾರಥಾನಿಗೆ ಸಿದ್ಧವಾಗಲು ಮೂರರಿಂದ ನಾಲ್ಕು ತಿಂಗಳು ಬೇಕು. ವಾರದಲ್ಲಿ ಮೂರು ದಿನ ಒಂದೊಂದು ಗಂಟೆ, ಭಾನುವಾರ ಎರಡೂವರೆ ಗಂಟೆ ಓಡಬೇಕಾಗುತ್ತದೆ. ಓಡುವ ಸಮಯ ಇಷ್ಟೇ ಆದರೂ, ಬೇಗ ಮಲಗಬೇಕು, ಬೇರೆ ಊಟ ಬೇಕು, ಬೆವರಿದ ಬಟ್ಟೆ ದಿನವೂ ಒಗೆಯಬೇಕು, ಓಡಿ ಬಂದವರಿಗೆ ವಿಶ್ರಾಂತಿ ಬೇಕು. ಫೆಬ್ರವರಿಯ ಓಟಕ್ಕೆ ಅಕ್ಟೋಬರಿನಲ್ಲಿ ಅಭ್ಯಾಸ ಆರಂಭಿಸಬೇಕೆಂದರೆ, ಅದು ಮಳೆಗಾಲದ ಭತ್ತದ ಕೊಯ್ಲಿನ ಕಾಲವೆಂಬುದು ಬೇಸಾಯಗಾರರಾದ ನಿಮಗೆ ಗೊತ್ತೇ ಇದೆ. ಈ ಗಂಟೆಗಳೆಲ್ಲ ಎಲ್ಲಿಂದ ಬಂದವು? ಯಾರ ಪಾಲಿನಿಂದ ಬಂದವು? ಈ ಲೆಕ್ಕವನ್ನು ಗಂಡ ಹೆಂಡಿರು ಕುಳಿತು ಮಾಡದಿದ್ದರೆ, ಒಬ್ಬರ ಆರೋಗ್ಯಕ್ಕಾಗಿ ಮತ್ತೊಬ್ಬರ ಆರೋಗ್ಯ ಕೆಡುವುದುಂಟು.

ಉದಾಹರಣೆಗಾಗಿ ಕೋಟದ ಆಸುಪಾಸಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗಂಡ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ, ಎರಡು ಹಾಲು ಕೊಡುವ ಹಸುಗಳು. ಗಂಡನಿಗೆ ನಲವತ್ತು ವರ್ಷ; ಪೇಟೆಯಲ್ಲಿ ಗುಮಾಸ್ತಿಕೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರೆಂದು ವೈದ್ಯರು ಎಚ್ಚರಿಸಿದ ಮೇಲೆ ಆತ ಓಡಲು ಪ್ರಾರಂಭಿಸಿದ. ಮೂರು ತಿಂಗಳಲ್ಲಿ ತೂಕ ಇಳಿಯಿತು, ಮುಖ ಕಳೆಯಾಯಿತು. ಊರಿನವರು ಮೆಚ್ಚಿದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೋದವನು ಮರಳುವುದು ಆರೂವರೆಗೆ. ಮೊದಲು ಕೊಟ್ಟಿಗೆಯ ಸೆಗಣಿ ಬಾಚುತ್ತಿದ್ದವನು ಆತನೇ. ಹಾಲನ್ನು ಡೈರಿಗೆ ಒಯ್ಯುತ್ತಿದ್ದವನೂ ಆತನೇ. ಈಗ ಅವೆರಡೂ ಯಾರೂ ಹೇಳದೆಯೇ ಹೆಂಡತಿಯ ಪಾಲಿಗೆ ಬಂದವು. ಆಕೆ ದೂರಲಿಲ್ಲ. ಭಾನುವಾರಗಳಂದು ಆತ ಓಡಿ ಬಂದು ಮಧ್ಯಾಹ್ನದವರೆಗೆ ಮಲಗಿದಾಗಲೂ ಮಕ್ಕಳನ್ನು ಗದ್ದಲ ಮಾಡಬೇಡಿರೆಂದು ಸುಮ್ಮನಾಗಿಸಿದಳು. ನವೆಂಬರಿನ ಒಂದು ದಿನ ಕೊಯ್ಲಿನ ಗದ್ದೆಯಿಂದ ಹೊರೆ ಹೊತ್ತು ಬರುವಾಗ ಕಣ್ಣು ಕತ್ತಲೆ ಬಂದು ಅಂಚಿನ ಮೇಲೆ ಕುಸಿದಳು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹೆಮೋಗ್ಲೋಬಿನ್ 8.6 ಗ್ರಾಂ ಮಾತ್ರ ಇತ್ತು. ಗರ್ಭಿಣಿಯಲ್ಲದ ಸ್ತ್ರೀಯರಲ್ಲಿ ಅದು 12 ಗ್ರಾಂಗಿಂತ ಕಡಿಮೆ ಇರಕೂಡದು. ಆ ಸಂಜೆ ಆಕೆ ಗಂಡನಿಗೆ ಹೇಳಿದ ಮಾತು ಇಷ್ಟೇ: “ನಿಮ್ಮ ಕಾಲಿಗೆ ಎಣ್ಣೆ ತಿಕ್ಕುವುದಕ್ಕಾದರೂ ನನಗೆ ಕೈ ಎತ್ತುವ ಶಕ್ತಿ ಬೇಡವೇ?”

ಮನೆ ಕಲ್ಪಿತವಾದುದು, ರಕ್ತಹೀನತೆ ಕಲ್ಪಿತವಲ್ಲ. 2019ರಿಂದ 2021ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಆದುದರಿಂದ ಮನೆಯಲ್ಲಿ ಒಬ್ಬರು ದೂರದ ಓಟದ ಅಭ್ಯಾಸಕ್ಕೆ ತೊಡಗುವಾಗ ಇಬ್ಬರೂ ಒಟ್ಟಿಗೆ ಹೋಗಿ ರಕ್ತ, ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ನಲವತ್ತು ದಾಟಿದವರು, ವಂಶದಲ್ಲಿ ಹೃದ್ರೋಗವಿರುವವರು ವೈದ್ಯರನ್ನು ಕೇಳದೆ ಓಟಕ್ಕೆ ಇಳಿಯಲೇಕೂಡದು. ಕಬ್ಬಿಣದ ಮಾತ್ರೆಯನ್ನು ಕೊಟ್ಟರೆ ಅದನ್ನು ಲಿಂಬೆಹಣ್ಣಿನ ಪಾನಕದೊಡನೆ ಸೇವಿಸಬೇಕು. ಚಹಾ, ಕಾಫಿ, ಹಾಲಿನೊಡನೆ ಅಲ್ಲ. ಮಲ ಕಪ್ಪಾದರೆ ಹೆದರಬೇಕಿಲ್ಲ. ಹರಿವೆ, ನುಗ್ಗೆಸೊಪ್ಪು, ಹುರುಳಿ, ಹೆಸರುಕಾಳು, ಬಂಗುಡೆ, ಬೂತಾಯಿ ಇವೆಲ್ಲ ನಮ್ಮ ಅಡಿಗೆಮನೆಯಲ್ಲಿ ಹೇಗೂ ಇರತಕ್ಕವು. ಗಂಡಸರ ಎಲೆಗೆ ಬಡಿಸಿ ಉಳಿದುದನ್ನು ಹೆಂಗಸರು ಉಣ್ಣುವ ರೂಢಿ ಇರುವ ಮನೆಯಲ್ಲಿ ಓಟಗಾರನ ಹಸಿವು ಹೆಚ್ಚಿದಷ್ಟೂ ಉಳಿಯುವುದು ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ಗಮನಿಸಿ.

ಇನ್ನು ಅಭ್ಯಾಸದ ಕ್ರಮ. ಹೊಸದಾಗಿ ಓಡುವವರು ಮಾಡುವ ದೊಡ್ಡ ತಪ್ಪು ಆತುರ. ಉಸಿರಾಟವೂ ಹೃದಯವೂ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಆದರೆ ಮೂಳೆಗಳೂ ಅವುಗಳಿಗೆ ಸ್ನಾಯುಗಳನ್ನು ಬಿಗಿಯುವ ಕಂಡರಗಳೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ದಮ್ಮು ಸಾಲದೆ ನಿಲ್ಲುತ್ತಿದ್ದವನು ಈಗ ದಮ್ಮು ಸಾಕಾಯಿತೆಂದು ಓಡುತ್ತಾನೆ. ಮೊಣಕಾಲೂ ಮುಂಗಾಲೂ ಆಗ ನೋಯತೊಡಗುತ್ತವೆ. ಮೊದಲ ತಿಂಗಳು ನಡೆಯುತ್ತ ನಡುನಡುವೆ ಓಡಿದರೆ ಸಾಕು. ಒಂದು ವಾರ ಒಟ್ಟು 20 ಕಿಲೋಮೀಟರ್ ಆಗಿದ್ದರೆ ಮುಂದಿನ ವಾರ 22 ಆಗಲಿ, 30 ಬೇಡ. ಓಡುವಾಗ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟೇ ವೇಗವಿರಲಿ. ಒಂದೇ ಕಡೆ ಬೆರಳಿಟ್ಟು ತೋರಿಸಬಹುದಾದ ಮೂಳೆ ನೋವು ದಿನೇ ದಿನೇ ಹೆಚ್ಚಿದರೆ ಎಣ್ಣೆ ತಿಕ್ಕಿ ಮತ್ತೆ ಓಡುವುದಲ್ಲ. ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಬರಿಗಾಲಿನಲ್ಲಿ ಓಡಬಹುದೇ ಎಂದು ಕೇಳುವವರಿದ್ದಾರೆ. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಮುಗಿಸಿದ ಶಿವನಾಥ ಸಿಂಗರು ಬರಿಗಾಲಿನ ಓಟಕ್ಕೆ ಹೆಸರಾದವರು, ನಿಜ. ಆದರೆ ಟಾರು ರಸ್ತೆಯಲ್ಲಿ ಗಾಜಿನ ಚೂರಿನ ಭಯವಿದೆ; ಮಣ್ಣಿನಲ್ಲಿ ಕೊಕ್ಕೆಹುಳುವಿನ ಭಯವಿದೆ. ಅಂಗಾಲಿನ ಮೂಲಕ ಒಳಹೊಕ್ಕು ಕರುಳಿನಲ್ಲಿ ನೆಲೆಸುವ ಈ ಹುಳು ರಕ್ತ ಹೀರಿ ರಕ್ತಹೀನತೆಯನ್ನು ತರುತ್ತದೆ. ಸಾಧಾರಣ ಬೆಲೆಯದಾದರೂ ಕಾಲಿಗೆ ಸರಿಹೊಂದುವ ಶೂ ಇರಲಿ. ಸಮುದ್ರದ ದಂಡೆಯಲ್ಲಿ ಓಡುವವರು ಇಳಿತದ ವೇಳೆಯ ಗಟ್ಟಿ ಮರಳನ್ನು ಆರಿಸಿಕೊಳ್ಳಬೇಕು. ಇಳಿಜಾರಿನ ದಂಡೆಯಲ್ಲಿ ಒಂದೇ ದಿಕ್ಕಿಗೆ ಮೈಲುಗಟ್ಟಲೆ ಓಡಿದರೆ ಒಂದು ಮೊಣಕಾಲಿನ ಮೇಲೆಯೇ ಭಾರ ಬೀಳುತ್ತದೆ.

ನಮ್ಮ ಹವೆಯನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಘಟ್ಟದ ಮೇಲಿನವರ ಓಟದ ಲೆಕ್ಕ ನಮಗೆ ಒಪ್ಪುವುದಿಲ್ಲ. ಬೆವರು ಆರಿದಾಗಲೇ ಮೈ ತಂಪಾಗುವುದು. ಕರಾವಳಿಯ ಒದ್ದೆ ಗಾಳಿಯಲ್ಲಿ ಬೆವರು ಆರದೆ ಇಳಿದು ಹೋಗುತ್ತದೆ, ಮೈಯ ಕಾವು ಒಳಗೇ ಉಳಿಯುತ್ತದೆ. ಒಂದು ಗಂಟೆಯ ಓಟದಲ್ಲಿ ಒಂದು ಲೀಟರಿನಷ್ಟು ಬೆವರು ಹೋಗುವುದು ಸಾಮಾನ್ಯ. ಆದಕಾರಣ ಸೂರ್ಯೋದಯಕ್ಕೆ ಮೊದಲೇ ಓಟದ ಹೆಚ್ಚಿನ ಭಾಗ ಮುಗಿಯಬೇಕು. ಒಂದು ಗಂಟೆಗಿಂತ ಹೆಚ್ಚು ಓಡುವವರು ನೀರಿನೊಡನೆ ಉಪ್ಪನ್ನೂ ಪಡೆಯಬೇಕು: ಸೀಯಾಳ, ಉಪ್ಪು ಬೆರೆಸಿದ ಮಜ್ಜಿಗೆ, ಕುಚ್ಚಲಕ್ಕಿ ಗಂಜಿಯ ತಿಳಿ, ಇಲ್ಲವೇ ಆರೋಗ್ಯ ಕೇಂದ್ರದಲ್ಲಿ ದೊರೆಯುವ ಓ.ಆರ್.ಎಸ್. ಪುಡಿಯ ನೀರು. ಬಾಯಾರಿಕೆಯಿಲ್ಲದಿದ್ದರೂ ಕೊಡಗಟ್ಟಲೆ ಬರಿಯ ನೀರು ಕುಡಿಯುವುದು ಅಪಾಯಕಾರಿ. ರಕ್ತದಲ್ಲಿನ ಉಪ್ಪು ತೆಳುವಾಗಿ ಪ್ರಜ್ಞೆ ತಪ್ಪುವುದುಂಟು. ಓಡುತ್ತಿರುವವರು ತೊದಲಿದರೆ, ಅಡ್ಡಾದಿಡ್ಡಿ ಕಾಲಿಟ್ಟರೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಕೊಟ್ಟರೆ ಅದು ಶಾಖಾಘಾತವಾಗಿರಬಹುದು. ತಕ್ಷಣ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯುತ್ತ, ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಬೇಕು. ಎದೆನೋವು ಕಂಡಲ್ಲಿಯೂ ಓಟ ನಿಲ್ಲಿಸಿ ಅದೇ ಸಂಖ್ಯೆಗೆ ಕರೆ ಮಾಡತಕ್ಕದ್ದು.

ಮಳೆಗಾಲದಲ್ಲಿ ಗದ್ದೆಯಂಚಿನ ನೀರಿನಲ್ಲಿ ಕಾಲಿನ ಗಾಯವನ್ನು ಅದ್ದಿಕೊಂಡು ಓಡಬೇಡಿ. ಇಲಿಜ್ವರ ಬರುವುದು ಅಂತಹ ಗಾಯಗಳ ಮೂಲಕವೇ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಓಡುವವರು ತಿಳಿ ಬಣ್ಣದ ಬಟ್ಟೆ ತೊಟ್ಟು, ಎದುರಿನಿಂದ ಬರುವ ವಾಹನ ಕಾಣುವ ಬದಿಯಲ್ಲಿರಬೇಕು. ಒಳರಸ್ತೆಗಳು ಇದಕ್ಕಿಂತ ಉತ್ತಮ, ಆದರೆ ಅಲ್ಲಿ ನಾಯಿಗಳಿವೆ. ನಾಯಿ ಕಚ್ಚಿದರೆ, ಪರಚಿದರೂ ಸಹ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಯಕ್ಷಗಾನದ ಮೇಳಗಳು ಹೊರಡುವ ಕಾಲವೂ ಓಟದ ಅಭ್ಯಾಸದ ಕಾಲವೂ ಒಂದೇ ಆಗಿರುವುದರಿಂದ ಇನ್ನೊಂದು ಮಾತು: ಬೆಳಗಿನವರೆಗೆ ಬಯಲಾಟ ನೋಡಿದವರು ಆ ದಿನ ಓಡಬೇಡಿ. ಆಟವನ್ನು ಬಿಡಿ ಎಂದು ನಾವು ಹೇಳುವುದಿಲ್ಲ; ಹೇಳಿದರೂ ನೀವು ಕೇಳಲಾರಿರಿ.

ಸ್ತ್ರೀಯರು ದೂರ ಓಡಬಹುದೇ? ಓಡಬಹುದು. ಅವರ ದೇಹಕ್ಕೆ ಇದು ಹೇಳಿದ್ದಲ್ಲವೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಮಾತ್ರ ಇದ್ದುದಲ್ಲ. 1928ರ ನಂತರ 1960ರವರೆಗೆ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ 200 ಮೀಟರಿಗಿಂತ ದೂರದ ಓಟವೇ ಇರಲಿಲ್ಲ. 1967ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬಾಕೆಯನ್ನು ಅಧಿಕಾರಿಯೊಬ್ಬನು ನಡುರಸ್ತೆಯಲ್ಲಿ ಹಿಡಿದೆಳೆಯಲು ಯತ್ನಿಸಿದನು. ಆಕೆ ಓಟವನ್ನು ಪೂರೈಸಿದಳು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಮೊದಲ ಬಾರಿಗೆ ಸ್ತ್ರೀಯರ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ತಲೆಯ ಮೇಲೆ ಹೊರೆ ಹೊತ್ತು, ಗೇರುಬೀಜದ ಕಾರ್ಖಾನೆಗೆ ನಡೆದು, ಮರಳಿ ಬಂದು ನೀರು ಸೇದುವ ನಮ್ಮ ಹೆಣ್ಣುಮಕ್ಕಳ ತಾಳ್ಮೆಗೆ ಪರೀಕ್ಷೆ ಬೇಕಿಲ್ಲ. ಅವರಿಗೆ ಬೇಕಾದುದು ಬೆಳಗಿನ ಒಂದು ಗಂಟೆ.

ಕೆಲವು ಸಂಗತಿಗಳನ್ನು ಸಂಕೋಚವಿಲ್ಲದೆ ತಿಳಿದಿರಬೇಕು. ಓಟಕ್ಕೆ ತಕ್ಕ ಊಟ ಸಿಗದಿದ್ದಾಗ ಮುಟ್ಟು ನಿಲ್ಲುವುದುಂಟು. ಇದು ಮೂಳೆಗಳನ್ನು ಸವೆಸುವ ಸೂಚನೆಯೇ ಹೊರತು ಸೌಕರ್ಯವಲ್ಲ. ಇದನ್ನು ಗರ್ಭನಿರೋಧವೆಂದು ನಂಬಲೂಬಾರದು. ಮುಟ್ಟು ನಿಂತರೆ ಗರ್ಭಪರೀಕ್ಷೆಯನ್ನೂ ವೈದ್ಯರ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಮೊದಲಿನಿಂದಲೂ ಓಡುತ್ತಿದ್ದ ಗರ್ಭಿಣಿ, ತೊಡಕುಗಳೇನೂ ಇಲ್ಲದಿದ್ದಲ್ಲಿ, ವೈದ್ಯರ ಅನುಮತಿಯೊಡನೆ ಮಿತವಾಗಿ ಮುಂದುವರಿಸಬಹುದು. ಗರ್ಭಿಣಿಯಾದ ಮೇಲೆ ಹೊಸದಾಗಿ ಆರಂಭಿಸುವ ವ್ಯಾಯಾಮ ನಡಿಗೆಯಾಗಿರಲಿ. ಹೆರಿಗೆಯ ನಂತರ ಸುಮಾರು ಮೂರು ತಿಂಗಳು ಓಟ ಬೇಡ, ಶಸ್ತ್ರಚಿಕಿತ್ಸೆಯ ಹೆರಿಗೆಯಾದಲ್ಲಿ ವೈದ್ಯರು ಹೇಳಿದಷ್ಟು ಕಾಲ. ಓಡುವಾಗ ಮೂತ್ರ ಜಿನುಗಿದರೆ ನಾಚಿ ಮುಚ್ಚಿಡಬೇಡಿ, ಅದಕ್ಕೆ ವ್ಯಾಯಾಮಗಳಿವೆ. ಓಡಿದರೆ ಎದೆಹಾಲು ಕೆಡುತ್ತದೆಂಬುದು ಸುಳ್ಳು. ಮಗುವಿಗೆ ಹಾಲೂಡಿಸಿ ಹೊರಟರೆ ತಾಯಿಗೂ ಹಗುರ, ಮಗುವೂ ಸುಮ್ಮನಿರುತ್ತದೆ. ಆ ಹೊತ್ತು ಮಗುವನ್ನು ಎತ್ತಿಕೊಳ್ಳತಕ್ಕವನು ತಂದೆ.

ಮೇಲೆ ಹೇಳಿದ ಕೋಟದ ಮನೆಗೆ ಮರಳೋಣ. ಆ ದಂಪತಿಗಳು ವಾರವನ್ನು ಹಂಚಿಕೊಂಡರು. ಮಂಗಳವಾರ, ಗುರುವಾರ, ಭಾನುವಾರ ಆತನ ಓಟ. ಸೋಮವಾರ, ಬುಧವಾರ, ಶುಕ್ರವಾರ ಕೊಟ್ಟಿಗೆ, ಡೈರಿ, ಮಕ್ಕಳ ತಿಂಡಿ ಆತನವು. ರಕ್ತ ಸುಧಾರಿಸಿದ ಮೇಲೆ ಆಕೆ ಆ ದಿನಗಳಲ್ಲಿ ಸಾಲಿಗ್ರಾಮದ ಕಡೆಗೆ ನಡೆದು ಬರತೊಡಗಿದಳು. ವಾರಕ್ಕೆ ನಾಲ್ಕಿದ್ದ ಓಟ ಮೂರಾದುದರಿಂದ ಆತನು ಆ ವರ್ಷ 21 ಕಿಲೋಮೀಟರಿನ ಬದಲು 10 ಕಿಲೋಮೀಟರಿಗೆ ಹೆಸರು ಕೊಟ್ಟನು. ಅತ್ತೆಗೆ ಸೊಸೆ ಬೆಳಿಗ್ಗೆ ಒಬ್ಬಳೇ ರಸ್ತೆಗೆ ಹೋಗುವುದು ಒಪ್ಪಿಗೆಯಾಗಲಿಲ್ಲ. ಪಕ್ಕದ ಮನೆಯ ಇಬ್ಬರು ಹೆಂಗಸರು ಜೊತೆಗೂಡಿದ ಮೇಲೆ ಆ ಮಾತು ನಿಂತಿತು.

ಓಟದ ಹಿಂದಿನ ವಾರ ಅಭ್ಯಾಸವನ್ನು ಅರ್ಧಕ್ಕಿಳಿಸಬೇಕು. ಹಿಂದಿನ ರಾತ್ರಿ ಹೊಸ ತಿನಿಸು ಬೇಡ; ದಿನವೂ ಉಣ್ಣುವ ಅನ್ನ, ಸಾರು ಸಾಕು. ಹೊಸ ಶೂವನ್ನು ಆ ದಿನವೇ ಮೊದಲ ಬಾರಿಗೆ ಹಾಕಬಾರದು. ಗುರಿ ಮುಟ್ಟಿದ ಕೂಡಲೇ ಕುಳಿತುಬಿಡದೆ ಹತ್ತು ನಿಮಿಷ ನಡೆಯಬೇಕು, ಆಮೇಲೆ ಗಂಜಿಯನ್ನೋ ಬಾಳೆಹಣ್ಣನ್ನೋ ತಿನ್ನಬೇಕು. ನಂತರದ ಒಂದು ವಾರ ಓಟಕ್ಕೆ ರಜೆ. ಆ ವಾರದ ಏಳು ಬೆಳಗುಗಳ ಕೊಟ್ಟಿಗೆಯ ಕೆಲಸವು ಓಡಿ ಬಂದವರದೇ ಎಂದು ಮೊದಲೇ ಮಾತಾಗಿರಲಿ.