ಹಗೇವಿನಲ್ಲಿ ಜೋಳ ಉಳಿದೀತು, ಸ್ಪಾರ್ಕ್ಲಿಂಗ್ ವೈನ್ ಉಳಿಯದು

ಸ್ಪಾರ್ಕ್ಲಿಂಗ್ ವೈನ್ ಇಟ್ಟಷ್ಟೂ ಬೆಲೆ ಏರುವ ವಸ್ತು ಎಂದು ನಂಬಿದವರು ನಮ್ಮ ಬಾಗಲಕೋಟೆಯಲ್ಲೂ ಇದ್ದಾರೆ. ಮಗ ಬೆಂಗಳೂರಿನಿಂದ ತಂದದ್ದೋ, ಮದುವೆಯಲ್ಲಿ ಗೆಳೆಯರು ಕೊಟ್ಟದ್ದೋ, ಬಾಟಲಿ ಷೋಕೇಸಿನಲ್ಲಿ ಟ್ಯೂಬ್‌ಲೈಟಿಗೆ ಹೊಳೆಯುತ್ತ ನಿಂತಿರುತ್ತದೆ. ಆ ಬೆಳಕೇ ಅದಕ್ಕೆ ಶತ್ರು. ಬಿಳಿ ಗಾಜಿನ ಬಾಟಲಿಯಾದರೆ ವೈನ್ ಬೇಗನೆ ಬೆಂದ ಕೋಸಿನ ವಾಸನೆಗೆ ತಿರುಗುತ್ತದೆ. ಸಾವಿರ, ಹದಿನೈದು ನೂರು ರೂಪಾಯಿ ಕಣ್ಣೆದುರಿಗೇ ಹಾಳಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ನಾಲ್ಕು ಬಾಟಲಿ ತಂದ. ಅವನ ಮದುವೆಯ ಹತ್ತನೇ ವಾರ್ಷಿಕೋತ್ಸವಕ್ಕೆ ಇನ್ನೂ ಐದು ವರ್ಷವಿದೆ. "ಮಾವಾ, ಹುನಗುಂದದ ಮನ್ಯಾಗ ಹಗೇವು ಖಾಲಿ ಐತಲ್ಲ, ಅದರಾಗ ಇಟ್ರ ಕೆಡೂದಿಲ್ಲಲ್ಲ?" ಎಂದು ಕೇಳಿದ. ಹಗೇವೆಂದರೆ ಕಾಳು ಕೂಡಿಡುವ ನೆಲದಡಿಯ ಗುಂಡಿ. ಅವನು ಕೇಳಿದ್ದರಲ್ಲಿ ಅರ್ಥವಿತ್ತು. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಬಾಟಲಿಗಳನ್ನು ಇಡುವುದೂ ನೆಲದಡಿಯಲ್ಲೇ. ಕನಿಷ್ಠ 15 ತಿಂಗಳು, ಒಂದೇ ವರ್ಷದ ಸುಗ್ಗಿಯದಾದರೆ 3 ವರ್ಷ ಹಣ್ಣಾಗಿಸಿ ಮಾರಬೇಕೆಂಬ ನಿಯಮ ಅಲ್ಲಿದೆ.

ನಮ್ಮ ಹಗೇವೂ ಸಣ್ಣ ವಿದ್ಯೆಯಲ್ಲ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತ ಹುಲ್ಲು ಒತ್ತಿ ಜೋಳ ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಹುಳ ಬದುಕುತ್ತಿರಲಿಲ್ಲ. ತೆಗೆದ ಕೂಡಲೇ ಯಾರೂ ಇಳಿಯಬಾರದೆಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ. ವೈನಿನ ಗುಳ್ಳೆಯೂ ಅದೇ ಅನಿಲ.

ಹಗೇವಿನ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಥರ್ಮಾಮೀಟರ್ ಕಟ್ಟಿ ಇಳಿಬಿಟ್ಟೆವು. ಹೊರಗೆ 41 ಡಿಗ್ರಿ. ಬಹಳ ಹೊತ್ತಿನ ಮೇಲೆ ಎಳೆದು ನೋಡಿದರೆ 28. ಕಾಳಿಗೆ ಅದು ಸಾಕು, ವೈನಿಗೆ ಸಾಲದು. ಆಳಕ್ಕೆ ಹೋದಂತೆ ನೆಲ ಆ ಊರಿನ ವರ್ಷದ ಸರಾಸರಿ ಉಷ್ಣಾಂಶಕ್ಕೆ ಬಂದು ನಿಲ್ಲುತ್ತದೆ. ಶಾಂಪೇನಿನ ನೆಲಮಾಳಿಗೆಯಲ್ಲಿ 10ರಿಂದ 12 ಡಿಗ್ರಿ ಪುಕ್ಕಟೆಯಾಗಿ ಸಿಗುವುದು ಆ ದೇಶವೇ ತಣ್ಣಗಿರುವುದರಿಂದ. ಬಾದಾಮಿಯ ಕಲ್ಲಿನ ಮನೆಯಾಗಲಿ, ಇಳಕಲ್ಲಿನ ಮಾಳಿಗೆ ಮನೆಯಾಗಲಿ ನಮ್ಮ ಸೀಮೆಯ ಸರಾಸರಿಯನ್ನು ಮೀರಲಾರವು. ವೈನಿಗಾಗಿ ನೆಲಮಾಳಿಗೆ ತೋಡಿಸಲು ಹೊರಟವರಿದ್ದರೆ ದಯವಿಟ್ಟು ಆ ದುಡ್ಡು ಉಳಿಸಿಕೊಳ್ಳಿ.

ವೈನ್ ಇಡುವ ಪುಟ್ಟ ಕಪಾಟುಗಳೂ ಮಾರುಕಟ್ಟೆಯಲ್ಲಿವೆ. ಕಂಪ್ರೆಸರ್ ಇಲ್ಲದ ಅಗ್ಗದವು ಕೋಣೆಯ ಉಷ್ಣಾಂಶವನ್ನು ಒಂದು ಮಟ್ಟದವರೆಗಷ್ಟೇ ಇಳಿಸಬಲ್ಲವು. ನಮ್ಮ ಏಪ್ರಿಲ್–ಮೇ ಅವಕ್ಕೆ ಭಾರ. ಕಂಪ್ರೆಸರ್ ಇರುವುದು ದುಬಾರಿ, ಮೇಲೆ ವರ್ಷವಿಡೀ ಕರೆಂಟ್ ಬಿಲ್ಲು. ನಾಲ್ಕು ಬಾಟಲಿಗೆ ಅಷ್ಟು ಖರ್ಚು ಸಲ್ಲದು.

ನಾಸಿಕ ಕಡೆಯ ಸುಲಾ, ಶಾಂಡಾನ್‌ನಂಥ ಸಾಮಾನ್ಯ, ಸಿಹಿ ಕಡಿಮೆಯ ಬ್ರೂಟ್ ವೈನ್‌ಗಳು ಅಂಗಡಿಗೆ ಬರುವಾಗಲೇ ಕುಡಿಯಲು ಸಿದ್ಧವಾಗಿರುತ್ತವೆ. ತಂಪಾದ ಕತ್ತಲಲ್ಲಿ ಎರಡು ಮೂರು ವರ್ಷ ಬಾಳಿಯಾವು. ನಮ್ಮ ಮನೆಗಳಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, ಕಾಗದ ಸುತ್ತಿ, ಕೆಲವು ತಿಂಗಳು ಇಟ್ಟರೆ ಸಾಕು. ಅಷ್ಟು ದಿನಕ್ಕೆ ನಿಲ್ಲಿಸಿಟ್ಟರೂ ತೊಂದರೆಯಿಲ್ಲ. ಬೇಗ ತಣಿಯಲೆಂದು ಫ್ರೀಜರಿಗೆ ಹಾಕಿ ಮರೆಯಬೇಡಿ: ಒಳಗಿನ ಒತ್ತಡ ಕಾರಿನ ಟೈರಿನ ಎರಡು ಪಟ್ಟಿಗೂ ಹೆಚ್ಚು, ಹೆಪ್ಪುಗಟ್ಟಿದರೆ ಗಾಜು ಸಿಡಿದೀತು. ತೆರೆದ ಮೇಲೆ ಒತ್ತಿ ಹಿಡಿಯುವ ಬಿರಡೆ ಹಾಕಿದರೆ ಎರಡು ಮೂರು ದಿನ. ಬಾಯಿಗೆ ಚಮಚ ಇಳಿಸುವುದರಿಂದ ಗುಳ್ಳೆ ಉಳಿಯುವುದಿಲ್ಲ.

ಹಣ ಹೂಡಿಕೆಯ ಮಾತಂತೂ ಬೇಡ. ಪರವಾನಗಿ ಇಲ್ಲದೆ ಮದ್ಯ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಮಿತಿಯಿದೆ. ಮಾರಲಾಗದ, ಬಿಸಿಲಿಗೆ ಕೆಡುವ ವಸ್ತುವನ್ನು ಆಸ್ತಿ ಎನ್ನಲು ಬಾರದು. ಅದೇ ದುಡ್ಡಿನ ಇಳಕಲ್ ಸೀರೆಯಾದರೆ ಅವ್ವನಿಂದ ಮಗಳಿಗೆ ದಾಟೀತು.

ಅಳಿಯ ಆ ನಾಲ್ಕನ್ನೂ ದೀಪಾವಳಿಯೊಳಗೆ ಗೆಳೆಯರೊಂದಿಗೆ ಮುಗಿಸಿದ. ಹತ್ತನೇ ವಾರ್ಷಿಕೋತ್ಸವಕ್ಕೆಂದು ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯ ಆರ್‌ಡಿ ತೆರೆದಿದ್ದಾನೆ. ಐದು ವರ್ಷಕ್ಕೆ ಅಸಲೇ 6,000 ರೂಪಾಯಿ, ಮೇಲೆ ಬಡ್ಡಿ. ನಿಮ್ಮ ಷೋಕೇಸಿನಲ್ಲೂ ಬಾಟಲಿಯಿದ್ದರೆ ಈ ವಾರವೇ ತಣ್ಣಗೆ ಮಾಡಿ ತೆರೆಯಿರಿ.