ಪ್ಯಾಚ್ ಕಳಿಸುವ ಮುನ್ನ

ಮಗೂ, ಲಿನಕ್ಸ್ ಕರ್ನಲ್‌ಗೆ ಪ್ಯಾಚ್ ಕಳಿಸಲು ಹೊರಟಿದ್ದೀಯ, ಸಂತೋಷ. ಕೋಡ್ ಬರೆಯುವುದನ್ನು ಕಲಿಸಲು ನಿನಗೆ ಬೇಕಾದಷ್ಟು ಜನರಿದ್ದಾರೆ. ಬರೆದದ್ದನ್ನು ಇನ್ನೊಬ್ಬರ ಮುಂದೆ ಇಡುವ ರೀತಿ ಹೇಳಿಕೊಡುವವರು ಕಡಿಮೆ. ಅದಕ್ಕೇ ಈ ನಾಲ್ಕು ಮಾತು.

ನಿನ್ನ ಪ್ಯಾಚನ್ನು ಒಪ್ಪಿಕೊಂಡ ಕ್ಷಣದಿಂದ ಆ ಭಾಗದ ಮೇಂಟೇನರ್‌ಗೆ ಒಂದು ಹೊಣೆ ಅಂಟಿಕೊಳ್ಳುತ್ತದೆ. ನಾಳೆ ನೀನು ಬೇರೆ ಕೆಲಸ ಹಿಡಿದು ಹೋಗಬಹುದು. ವರ್ಷಗಳ ನಂತರ ಆ ಸಾಲಿನಲ್ಲಿ ತಪ್ಪು ಸಿಕ್ಕರೆ ಜನ ಹುಡುಕಿಕೊಂಡು ಹೋಗುವುದು ಅವರನ್ನೇ. ಪ್ಯಾಚ್ ಕಳಿಸುವುದೆಂದರೆ ಅವರ ಸಮಯವನ್ನೂ ನಂಬಿಕೆಯನ್ನೂ ಕೇಳುವುದು. ನಾನು ಹೇಳಬೇಕೆಂದಿರುವುದೆಲ್ಲ ಇದರಿಂದಲೇ ಹುಟ್ಟಿದ್ದು.

ಕರ್ನಲ್ ಮೂಲದ ಜೊತೆಗೇ 'ಸಬ್‌ಮಿಟಿಂಗ್ ಪ್ಯಾಚಸ್' ಎಂಬ ದಾಖಲೆ ಬರುತ್ತದೆ. ಅದನ್ನು ಪೂರ್ತಿ ಓದು. ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸು. ಯಾರಿಗೆ ಕಳಿಸಬೇಕೆಂಬುದನ್ನು ಗೆಟ್-ಮೇಂಟೇನರ್ ಸ್ಕ್ರಿಪ್ಟ್ ತಿಳಿಸುತ್ತದೆ. ಹೆಸರು ಗೊತ್ತಿದೆ ಎಂದು ನೇರ ಲೈನಸ್ ಟೊರ್ವಾಲ್ಡ್ಸ್‌ಗೆ ಕಳಿಸಬೇಡ. ಅಲ್ಲಿ ವ್ಯವಹಾರವೆಲ್ಲ ಪ್ಲೇನ್ ಟೆಕ್ಸ್ಟ್ ಮೇಲ್‌ನಲ್ಲಿ. ಪ್ಯಾಚನ್ನು ಅಟ್ಯಾಚ್ ಮಾಡದೆ ಮೇಲ್‌ನೊಳಗೇ ಇಡಬೇಕು, ಏಕೆಂದರೆ ಓದುವವರು ಒಂದೊಂದು ಸಾಲಿನ ಕೆಳಗೂ ತಮ್ಮ ಟಿಪ್ಪಣಿ ಬರೆಯುತ್ತಾರೆ. ಗಿಟ್ ಸೆಂಡ್-ಇಮೇಲ್ ಬಳಸಿದರೆ ಟ್ಯಾಬು, ಸ್ಪೇಸು ಕೆಡದೆ ತಲುಪುತ್ತವೆ.

ಹೆಚ್ಚಿನ ಶ್ರಮವನ್ನು ಪ್ಯಾಚಿನ ವಿವರಣೆಗೆ ಮೀಸಲಿಡು. ನಮ್ಮ ಹುಡುಗರು ಇಲ್ಲಿಯೇ ಜಿಪುಣರಾಗುತ್ತಾರೆ. ಒಂದು ಡ್ರೈವರಿನಲ್ಲಿ ಮೆಮೊರಿ ಲೀಕ್ ಸರಿಪಡಿಸಿದ್ದೀಯ ಎಂದುಕೋ. 'ಮೆಮೊರಿ ಲೀಕ್ ಸರಿಪಡಿಸಿದೆ' ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಪ್ರೋಬ್ ಮಧ್ಯದಲ್ಲಿ ಸೋತಾಗ ಯಾವ ಬಫರ್ ಬಿಡುಗಡೆಯಾಗದೆ ಉಳಿಯುತ್ತದೆ, ಅದು ನಿನ್ನ ಕಣ್ಣಿಗೆ ಬಿದ್ದದ್ದು ಹೇಗೆ, ಈ ಪರಿಹಾರವನ್ನೇ ಏಕೆ ಆರಿಸಿದೆ, ಯಾವ ಯಂತ್ರದ ಮೇಲೆ ಪರೀಕ್ಷಿಸಿದೆ ಎಂಬುದನ್ನು ಬರೆ. ಪರೀಕ್ಷಿಸಿಲ್ಲವಾದರೆ ಅದನ್ನೂ ಬರೆ. ತಪ್ಪು ಹುಟ್ಟಿದ್ದು ಯಾವ ಕಮಿಟ್‌ನಲ್ಲಿ ಎಂದು ಗೊತ್ತಿದ್ದರೆ 'ಫಿಕ್ಸಸ್' ಎಂಬ ಸಾಲಿನಲ್ಲಿ ಅದರ ಗುರುತಿನ ಮೊದಲ 12 ಅಕ್ಷರಗಳನ್ನೂ ಶೀರ್ಷಿಕೆಯನ್ನೂ ಕೊಡು. ಹಳೆಯ ಸ್ಟೇಬಲ್ ಆವೃತ್ತಿಗಳನ್ನು ನೋಡಿಕೊಳ್ಳುವವರಿಗೆ ಈ ತಿದ್ದುಪಡಿ ಎಲ್ಲೆಲ್ಲಿ ಬೇಕು ಎಂಬುದು ಆ ಸಾಲಿನಿಂದಲೇ ಗೊತ್ತಾಗುತ್ತದೆ. ಮುಂದೊಂದು ದಿನ ಯಾರೋ ಗಿಟ್ ಬ್ಲೇಮ್ ಹಿಡಿದು ನಿನ್ನ ಸಾಲಿಗೆ ಬಂದಾಗ ಉತ್ತರ ಹೇಳಲು ಅಲ್ಲಿ ನೀನಿರುವುದಿಲ್ಲ, ನೀನು ಬರೆದ ವಿವರಣೆ ಮಾತ್ರ ಇರುತ್ತದೆ.

ಒಂದು ಪ್ಯಾಚಿನಲ್ಲಿ ಒಂದೇ ಕೆಲಸ ಇರಲಿ. ತಪ್ಪು ತಿದ್ದುವಾಗ ಪಕ್ಕದ ಸಾಲುಗಳ ಇಂಡೆಂಟೂ ಸರಿಮಾಡೋಣ ಎಂಬ ಆಸೆ ಬರುತ್ತದೆ, ತಡೆದುಕೋ. ದೊಡ್ಡ ಬದಲಾವಣೆಯಾದರೆ ಸರಣಿಯಾಗಿ ಒಡೆದು ಕಳಿಸು. ಸರಣಿಯ ಪ್ರತಿ ಹಂತದಲ್ಲೂ ಕರ್ನಲ್ ಬಿಲ್ಡ್ ಆಗಿ ಓಡಬೇಕು. ಯಾರಾದರೂ ಗಿಟ್ ಬೈಸೆಕ್ಟ್ ಮಾಡಿ ಬೇರಾವುದೋ ತಪ್ಪನ್ನು ಹುಡುಕುತ್ತಾ ನಿನ್ನ ಸರಣಿಯ ನಡುವೆ ಬಂದು ನಿಂತಾಗ ಬಿಲ್ಡೇ ಆಗದಿದ್ದರೆ ಅವರ ಇಡೀ ದಿನ ಹಾಳು.

ಕೊನೆಗೆ 'ಸೈನ್ಡ್-ಆಫ್-ಬೈ' ಎಂದು ಹೆಸರು ಹಾಕುತ್ತೀಯಲ್ಲ, ಅದನ್ನು ಹಗುರವಾಗಿ ತಿಳಿಯಬೇಡ. 2003ರಲ್ಲಿ ಎಸ್‌ಸಿಒ ಕಂಪನಿ ಲಿನಕ್ಸ್‌ನ ಕೋಡ್ ಯಾರದೆಂಬ ಪ್ರಶ್ನೆ ಎತ್ತಿ ಕೋರ್ಟಿಗೆ ಹೋದ ಮೇಲೆ, 2004ರಲ್ಲಿ ಈ ರುಜುವಿನ ಪದ್ಧತಿ ಬಂತು. ಈ ಕೋಡನ್ನು ಈ ಲೈಸೆನ್ಸಿನಡಿ ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣ ಅದು. ನೀನು ಬೆಂಗಳೂರಿನ ಯಾವುದೋ ಕಂಪನಿಯಲ್ಲಿದ್ದು, ನೀನು ಬರೆದದ್ದೆಲ್ಲ ಕಂಪನಿಯದೇ ಎಂಬ ಷರತ್ತಿಗೆ ಸಹಿ ಹಾಕಿದ್ದರೆ, ಮೊದಲು ಆಫೀಸಿನಲ್ಲಿ ಲಿಖಿತ ಅನುಮತಿ ಪಡೆ. ಎಐ ಬರೆದುಕೊಟ್ಟ ಕೋಡಾದರೂ ರುಜು ನಿನ್ನದು. ಸಾಲು ಸಾಲಾಗಿ ವಿವರಿಸಲಾಗದ್ದನ್ನು ಕಳಿಸಲೇಬೇಡ.

ಇನ್ನೊಂದು ಮಾತು ನೋವಿನಿಂದಲೇ ಹೇಳುತ್ತೇನೆ. 2020ರಲ್ಲಿ, ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುವ ಹ್ಯಾಕ್ಟೋಬರ್‌ಫೆಸ್ಟ್ ಕಾರ್ಯಕ್ರಮದಲ್ಲಿ, ಆ ಶರ್ಟಿನ ಆಸೆಗೆ ಜನ ಎಷ್ಟೋ ಪ್ರಾಜೆಕ್ಟುಗಳಿಗೆ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳನ್ನು ಸುರಿದರು. ಕೊನೆಗೆ ಭಾಗವಹಿಸಲು ಒಪ್ಪಿದ ಪ್ರಾಜೆಕ್ಟುಗಳಿಗೆ ಕಳಿಸಿದ್ದನ್ನಷ್ಟೇ ಎಣಿಸುವುದು ಎಂದು ನಡುವೆಯೇ ನಿಯಮ ಬದಲಿಸಬೇಕಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಜೆಎಸ್‌ನ ರೀಡ್‌ಮೀ ಕಡತಕ್ಕೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್‌ಗಳು ಸಾಲುಗಟ್ಟಿ ಬಂದವು. ಎರಡರಲ್ಲೂ ನಮ್ಮ ದೇಶದ ವಿದ್ಯಾರ್ಥಿಗಳು, ಯೂಟ್ಯೂಬ್ ಪಾಠ ನೋಡಿ ಹಾಗೇ ಮಾಡಿದವರು, ಬಹಳ ಮಂದಿ ಇದ್ದರು. ಗಿಟ್‌ಹಬ್ ಪ್ರೊಫೈಲ್‌ನಲ್ಲಿ ಹಸಿರು ಚೌಕ ತುಂಬಿಸಲು ಇನ್ನೊಬ್ಬರ ಭಾನುವಾರವನ್ನು ಕಸಿಯುವುದು ತಪ್ಪು. ಆ ಹೊರೆಯನ್ನು ಹೊತ್ತವರು ಮುಂದೆ ನಿನ್ನ ನಿಜವಾದ ಪ್ಯಾಚನ್ನೂ ಅನುಮಾನದಿಂದಲೇ ತೆರೆಯುತ್ತಾರೆ.

ಕಳಿಸಿದ ಮೇಲೆ ಕಾಯಬೇಕು. ಕನಿಷ್ಠ ಒಂದು ವಾರ ಸುಮ್ಮನಿರು. ಹೊಸ ಆವೃತ್ತಿಗೆ ಕೋಡ್ ಸೇರಿಸುವ ಎರಡು ವಾರಗಳ ಮರ್ಜ್ ವಿಂಡೋ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಆಮೇಲೂ ಉತ್ತರ ಬರದಿದ್ದರೆ ಒಂದೇ ಸಾಲಿನಲ್ಲಿ ಮರ್ಯಾದೆಯಿಂದ ನೆನಪಿಸು. ಒತ್ತಡ ಏನು ಮಾಡಬಲ್ಲದು ಎಂಬುದಕ್ಕೆ ಎಕ್ಸ್‌ಜೆಡ್ ಎಂಬ ಚಿಕ್ಕ ಪ್ರಾಜೆಕ್ಟಿನ ಕಥೆ ಸಾಕು. ಅದನ್ನು ವರ್ಷಗಟ್ಟಲೆ ಲಾಸೆ ಕಾಲಿನ್ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಗುರುತಿಲ್ಲದ ಹೆಸರುಗಳಿಂದ ಪ್ಯಾಚ್ ಏಕೆ ಸೇರಿಸಿಲ್ಲ, ಬೇರೆಯವರಿಗೆ ಬಿಟ್ಟುಕೊಡಿ ಎಂಬ ಪೀಡನೆ ಶುರುವಾಯಿತು. ಆ ದಾರಿಯಲ್ಲಿ ಅಧಿಕಾರ ಪಡೆದ ಒಬ್ಬ ಸೇರಿಸಿದ ಹಿಂಬಾಗಿಲು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾಗಿದ್ದನ್ನು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ನಮ್ಮ ಕನ್ನಡದ ಗುಬ್ಬಿ, ನವಿಲು ಫಾಂಟುಗಳಂಥ ಮುಕ್ತ ಕೆಲಸಗಳೂ ಬೆರಳೆಣಿಕೆಯ ಜನರ ಬಿಡುವಿನ ಮೇಲೆಯೇ ನಿಂತಿರುತ್ತವೆ. ಅಲ್ಲಿಗೆ ಹೋದಾಗಲೂ ಇದೇ ತಾಳ್ಮೆ ಇರಲಿ.

ವಿಮರ್ಶೆ ಬಂದಾಗ ಪ್ರತಿಯೊಂದು ಟಿಪ್ಪಣಿಗೂ ಅದರ ಕೆಳಗೇ ಉತ್ತರಿಸು. ಒಪ್ಪದಿದ್ದರೆ ಕಾರಣ ಕೊಟ್ಟು ಹೇಳು, ಸುಮ್ಮನೆ ಬಿಡಬೇಡ. 'ರೆಸ್ಪೆಕ್ಟೆಡ್ ಸರ್' ಬೇಕಿಲ್ಲ. ಅಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯುವುದು ರೂಢಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು. ತಿದ್ದಿದ ಮೇಲೆ ವಿ2 ಎಂದು ಕಳಿಸಿ, ಹಿಂದಿನದರಿಂದ ಏನು ಬದಲಾಯಿತು ಎಂಬುದನ್ನು ಮೂರು ಅಡ್ಡಗೆರೆಗಳ ಕೆಳಗೆ ಬರೆ. ಮಾತು ಖಾರವಾಗಿದ್ದರೂ ಕೋಡಿನ ಬಗ್ಗೆ ಇದ್ದರೆ ತಿರುಳನ್ನು ತೆಗೆದುಕೋ. ನಿನ್ನನ್ನೇ ಹೀನಾಯವಾಗಿ ಬೈದರೆ ಸಹಿಸಬೇಕಿಲ್ಲ. 2018ರಲ್ಲಿ ಲೈನಸ್ ಅವರೇ ತಮ್ಮ ಒರಟುತನಕ್ಕೆ ಕ್ಷಮೆ ಕೇಳಿ ಕೆಲಕಾಲ ದೂರ ಉಳಿದರು. ಅದೇ ಹೊತ್ತಿಗೆ ನಡವಳಿಕೆಯ ಸಂಹಿತೆಯೂ ಬಂತು. ಅದರಡಿ ದೂರು ಕೊಡಬಹುದು.

ನಿನ್ನ ಪ್ಯಾಚ್ ಸೇರಿದ ಮೇಲೆ ಒಂದು ಕೆಲಸ ಮಾಡು: ಇನ್ನೊಬ್ಬರ ಪ್ಯಾಚನ್ನು ನಿನ್ನ ಯಂತ್ರದಲ್ಲಿ ಓಡಿಸಿ ನೋಡಿ 'ಟೆಸ್ಟೆಡ್-ಬೈ' ಎಂದು ಉತ್ತರ ಬರೆ. ಕರ್ನಲ್‌ನಲ್ಲಿ ಕೋಡ್ ಬರೆಯುವವರಿಗಿಂತ ಅದನ್ನು ಓದಿ ಪರೀಕ್ಷಿಸುವವರ ಕೊರತೆಯೇ ಹೆಚ್ಚು.